ಇಲಿಯ ಜೊಲ್ಲಿನಿಂದ ಹೊರಟ ದಾರಿ

ಇಲಿಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ. ಮೈಮೇಲೆ ಒಂದು ಕೂದಲಿಲ್ಲ, ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿವೆ; ಬೆರಳ ಗೆಣ್ಣಿನಷ್ಟಿರುವ ನಸುಗೆಂಪು ಜೀವ ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಿಸುಕಾಡುತ್ತಿರುತ್ತದೆ. ಅದು ಕಣ್ಣು ಬಿಡಲು ಹೆಚ್ಚುಕಡಿಮೆ ಎರಡು ವಾರ ಬೇಕು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಶಾಲೆಯ ಮರಿಗಳು ಮಾತ್ರ ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಹಲ್ಲು ಕೂಡ ಅವಧಿಗೆ ಮೊದಲೇ ಮೂಡಿದವು. ಕೋಹೆನ್ ಅವಕ್ಕೆ ಚುಚ್ಚುತ್ತಿದ್ದದ್ದು ಬೆಳೆದ ಇಲಿಗಳ ದವಡೆಯ ಕೆಳಗಿನ ಜೊಲ್ಲುಗ್ರಂಥಿಯನ್ನು ಅರೆದು ತೆಗೆದ ರಸ.

ಕೋಹೆನ್ ಬ್ರೂಕ್ಲಿನ್‌ನ ದರ್ಜಿಯೊಬ್ಬರ ಮಗ. ಬಾಲ್ಯದ ಪೋಲಿಯೊದಿಂದ ನಡಿಗೆಯಲ್ಲಿ ತುಸು ಕುಂಟು. ಪೈಪ್ ಸೇದುತ್ತ, ಬಿಡುವಾದಾಗ ಕೊಳಲು ನುಡಿಸುತ್ತ, ಸ್ಮಾಗ್ ಎಂಬ ಕಂತ್ರಿ ನಾಯಿಯನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಅವರ ಜೊತೆಗಾರ್ತಿ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ. 1938ರಲ್ಲಿ ಮುಸೊಲಿನಿಯ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದು ಕೆಲಸ ಕಿತ್ತುಕೊಂಡ ಮೇಲೆ, ಟುರಿನ್ ನಗರದ ಮನೆಯ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಕೋಳಿಮೊಟ್ಟೆಯ ಭ್ರೂಣಗಳಲ್ಲಿ ನರ ಬೆಳೆಯುವುದನ್ನು ನೋಡುತ್ತ ಕೂತವರು. ಯುದ್ಧ ಮುಗಿದ ಮೇಲೆ ಸೇಂಟ್ ಲೂಯಿಸ್ ಸೇರಿದರು. 1952ರಲ್ಲಿ ಗೆಡ್ಡೆಯಿರುವ ಇಲಿಗಳನ್ನು ವಿಮಾನದಲ್ಲಿ ತಮ್ಮ ಜೊತೆಗೇ ಒಯ್ದು, ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಗಾಜಿನ ತಟ್ಟೆಯ ಮೇಲೆ ಪ್ರಯೋಗ ಹೂಡಿದರು. ಗೆಡ್ಡೆಯ ಚೂರಿನ ಪಕ್ಕದಲ್ಲಿಟ್ಟ ನರಗಂಟಿನಿಂದ ಸುತ್ತಲೂ ಪ್ರಭಾವಳಿಯಂತೆ ನರದ ಎಳೆಗಳು ಚಿಮ್ಮಿದವು. ಗೆಡ್ಡೆ ಏನನ್ನೋ ಒಸರುತ್ತಿತ್ತು. ನರಗಳು ಅದಕ್ಕೆ ಓಗೊಡುತ್ತಿದ್ದವು.

ಅದೇನೆಂದು ಶೋಧಿಸುವುದು ಕೋಹೆನ್ ಪಾಲಿಗೆ ಬಂದ ಕೆಲಸ. ಗೆಡ್ಡೆಯ ರಸದಲ್ಲಿರುವ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲು ಅವರು ಹಾವಿನ ವಿಷ ಬೆರೆಸಿದರು. ನರಗಳು ಸಾಯುವ ಬದಲು ಇನ್ನೂ ಹುಲುಸಾಗಿ ಬೆಳೆದವು. ತಾವು ಹುಡುಕುತ್ತಿದ್ದ ವಸ್ತು ವಿಷದಲ್ಲಿಯೇ ತುಂಬಿತ್ತು! ಹಾವಿನ ವಿಷಗ್ರಂಥಿಯೂ ಇಲಿಯ ಜೊಲ್ಲುಗ್ರಂಥಿಯೂ ಒಂದೇ ಬಗೆಯವಲ್ಲವೇ ಎಂದು ಕೋಹೆನ್ ಇಲಿಯ ದವಡೆಗೆ ಕೈಹಾಕಿದರು. ಸಿಕ್ಕಿತು, ಹೇರಳವಾಗಿ ಸಿಕ್ಕಿತು. ನರಗಳನ್ನು ಬೆಳೆಸುವ ಆ ಅಂಶದ ಜೊತೆಗೆ, ಮರಿಗಳ ರೆಪ್ಪೆಯನ್ನು ಬೇಗ ಬಿಡಿಸುವ ಇನ್ನೊಂದು ಅಂಶವೂ ಅಲ್ಲಿತ್ತು. ಈ ಎರಡನೆಯದರ ವಿವರವನ್ನು ಅವರು 1962ರಲ್ಲಿ ಪ್ರಕಟಿಸಿದರು. ಮೊದಲನೆಯದಕ್ಕೆ ಎನ್‌ಜಿಎಫ್, ಎರಡನೆಯದಕ್ಕೆ ಇಜಿಎಫ್ ಎಂಬ ಹೆಸರು ನಿಂತಿತು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇನ್ನೊಂದು ವಿಶೇಷವಿದೆ: ಇವೆರಡೂ ಹೆಣ್ಣಿಲಿಗಿಂತ ಗಂಡಿಲಿಯ ಜೊಲ್ಲುಗ್ರಂಥಿಯಲ್ಲೇ ಹೆಚ್ಚು, ಏಕೆಂದರೆ ಅವನ್ನು ತಯಾರಿಸುವ ನಾಳಗಳು ಬಲಿಯುವುದು ಗಂಡುಹಾರ್ಮೋನಿನ ಬಲದಿಂದ.

ನರ ಬೆಳೆಸುವ ಅಂಶ, ರೆಪ್ಪೆ ಬಿಡಿಸುವ ಅಂಶ, ಗಂಡುಹಾರ್ಮೋನು. ಇಂದು ಮನುಷ್ಯರ ಜೊಲ್ಲುಗ್ರಂಥಿಯ, ಅಂದರೆ ಲಾಲಾಗ್ರಂಥಿಯ ಅಪರೂಪದ ಕ್ಯಾನ್ಸರುಗಳಿಗೆ ಕೆಲಸಕ್ಕೆ ಬರುತ್ತಿರುವ ಮುಖ್ಯ ಗುರಿನಿರ್ದಿಷ್ಟ ಔಷಧಗಳು ಗುರಿಯಿಡುವುದು ಈ ಮೂರರ ಸಂದೇಶವನ್ನು ಜೀವಕೋಶದಲ್ಲಿ ಹಿಡಿಯುವ ಗ್ರಾಹಕಗಳ ಮೇಲೆ, ಇಲ್ಲವೇ ಆ ಗ್ರಾಹಕಗಳ ದಾಯಾದಿಗಳ ಮೇಲೆ. ಇಲಿಯಿಂದ ಮನುಷ್ಯನಿಗೆ ನೇರ ದಾರಿಯೇನೂ ಇರಲಿಲ್ಲ. ಕರುಳು, ಎಳೆಕೂಸಿನ ಗೆಡ್ಡೆ, ಸ್ತನ, ಪ್ರಾಸ್ಟೇಟ್ ಎಲ್ಲವನ್ನೂ ಸುತ್ತಿ, ವಿಜ್ಞಾನ ಕೊನೆಗೆ ಹೊರಟ ಗ್ರಂಥಿಗೇ ಬಂದು ತಲುಪಿತು.

ಕಿವಿಯ ಮುಂದಿನ ಗಂಟು

ನಮ್ಮ ಬಾಯಿಗೆ ನೀರೂರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಮತ್ತು ಕೆಳಗೆ ಕೆನ್ನೆಯೊಳಗೆ ಹರಡಿರುವ ಪೆರೋಟಿಡ್; ದವಡೆಯ ಕೆಳಗೊಂದು; ನಾಲಿಗೆಯಡಿ ಇನ್ನೊಂದು. ಇವಲ್ಲದೆ ತುಟಿ, ಅಂಗುಳು, ಗಂಟಲಿನ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಸುತ್ತವೆ. ಚಿಕ್ಕಂದಿನಲ್ಲಿ ಮಂಗನಬಾವು ಬಂದವರಿಗೆ ಪೆರೋಟಿಡ್ ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ.

ಅಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಗೋಲಿಯಷ್ಟು ದಪ್ಪ, ನೋವಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗಲೋ ಓಲೆ ಹಾಕಿಕೊಳ್ಳುವಾಗಲೋ ಬೆರಳಿಗೆ ತಾಗುತ್ತದೆ. ‘ಶೀತದ ಗಂಟು ಇರಬೇಕು’ ಎಂದು ಅತ್ತೆಯೋ ಅಜ್ಜಿಯೋ ಬಿಸಿ ಉಪ್ಪಿನ ಶಾಖ ಕೊಡುತ್ತಾರೆ. ಗಂಟು ಬೇಗ ಬೇಗ ದೊಡ್ಡದಾದರೆ, ಅದೇ ಬದಿಯ ಬಾಯಿ ಸೊಟ್ಟಗಾದರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ ಮಾತು ಬೇರೆ. ಏಕೆಂದರೆ ಮುಖವನ್ನು ಆಡಿಸುವ ನರ ಪೆರೋಟಿಡ್ ಗ್ರಂಥಿಯ ಒಳಗಿನಿಂದಲೇ ಹಾದು ಐದು ಕವಲಾಗಿ ಹರಡುತ್ತದೆ. ಹುಬ್ಬೇರಿಸುವುದು, ಕಣ್ಣು ಹೊಡೆಯುವುದು, ನಗುವುದು, ತುಟಿ ಕೂಡಿಸಿ ಸಿಳ್ಳೆ ಹಾಕುವುದು ಎಲ್ಲವೂ ಆ ಕವಲುಗಳ ಕೆಲಸ.

ಆಪರೇಷನ್ ಥಿಯೇಟರಿನಲ್ಲಿ ಈ ನರವೇ ಎಲ್ಲರ ಲಕ್ಷ್ಯ. ಕಿವಿಯ ಮುಂದಿನಿಂದ ಕತ್ತಿನ ಕಡೆಗೆ ಬಾಗಿ ಇಳಿದ ಗಾಯದ ಬಾಯಿ. ಹಳದಿ ಮಿಶ್ರಿತ ಗ್ರಂಥಿಯ ನಡುವೆ ಬಿಳಿಯ ದಾರದಂಥ ನರ. ಸರ್ಜನ್ ಸಣ್ಣ ಕತ್ತರಿಯ ತುದಿಯಲ್ಲಿ ಅದರ ಮೇಲಿನ ಪದರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸುತ್ತಾರೆ. ರೋಗಿಯ ಮುಖದ ಸ್ನಾಯುಗಳಿಗೆ ಚುಚ್ಚಿದ ಸೂಜಿಗಳು ಪಕ್ಕದ ಯಂತ್ರಕ್ಕೆ ಸೇರಿವೆ. ಉಪಕರಣ ನರಕ್ಕೆ ತಾಕಿದರೆ ಯಂತ್ರ ಕಿರುಚುತ್ತದೆ, ಎಲ್ಲರ ಕೈ ನಿಲ್ಲುತ್ತದೆ. ಗಂಟು ಹೊರಬಂದ ಮೇಲೆ, ಅಗತ್ಯವಿದ್ದರೆ, ನಮ್ಮ ಕಡೆಯವರು ‘ಕರೆಂಟು ಕೊಡೋದು’ ಎನ್ನುವ ರೇಡಿಯೇಷನ್. ದಶಕಗಳ ಕಾಲ ಚಿಕಿತ್ಸೆಯೆಂದರೆ ಇಷ್ಟೇ. ರೋಗ ಮರುಕಳಿಸಿ ಶ್ವಾಸಕೋಶಕ್ಕೋ ಮೂಳೆಗೋ ಹೋದರೆ ಕಿಮೊ ಕೊಟ್ಟು ನೋಡುವುದು. ಈ ಗ್ರಂಥಿಯ ಕ್ಯಾನ್ಸರುಗಳು ಕಿಮೊಗೆ ಬಗ್ಗುವುದು ಕಡಿಮೆ.

ರೋಗಿಯನ್ನು ಮೊದಲು ಕಾಡುವ ಪ್ರಶ್ನೆ ಬೇರೆಯದು. ‘ಗುಟ್ಕಾ ತಿಂತಿದ್ರಾ? ಬೀಡಿ ಅಭ್ಯಾಸ ಇತ್ತಾ?’ ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಎಂದರೆ ಹೊಗೆಸೊಪ್ಪೇ ನೆನಪಿಗೆ ಬರುವುದರಿಂದ ಅದು ಸಹಜ. ಲಾಲಾಗ್ರಂಥಿಯ ಕ್ಯಾನ್ಸರ್ ಬೇರೆ ಜಾತಿ. ಏನೂ ಅಭ್ಯಾಸವಿಲ್ಲದವರಿಗೂ ಬರುತ್ತದೆ. ಕಾರಣ ಗಟ್ಟಿಯಾಗಿ ಗೊತ್ತಾಗಿರುವುದು ಮುಖ್ಯವಾಗಿ ವಿಕಿರಣದ ವಿಷಯದಲ್ಲಿ. ಹಿರೊಶಿಮಾ, ನಾಗಾಸಾಕಿಗಳಲ್ಲಿ ಬಾಂಬಿನಿಂದ ಬದುಕುಳಿದವರಲ್ಲಿ ಇದು ಹೆಚ್ಚಾಗಿ ಕಂಡಿತು. ಉಳಿದಂತೆ ವರ್ಷಕ್ಕೆ ಲಕ್ಷಕ್ಕೊಬ್ಬರ ಆಸುಪಾಸಿನಲ್ಲಿ ಬರುವ ಕಾಯಿಲೆ. ಅಷ್ಟು ಅಪರೂಪದ ಈ ರೋಗದಲ್ಲೂ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದರ ನಡತೆಯೂ ಬೇರೆ. ಒಂದೊಂದು ಬಗೆಗೂ ರೋಗಿಗಳನ್ನು ಕಲೆಹಾಕಿ ಔಷಧ ಪರೀಕ್ಷಿಸುವುದು ಹೇಗೆ? ಬಹುಕಾಲ ಹಾಗೆ ಮಾಡಿದವರು ವಿರಳ.

ಪಿಲ್ಸೆನ್ನಿನ ಸೂಕ್ಷ್ಮದರ್ಶಕ

ಜೆಕ್ ಗಣರಾಜ್ಯದ ಪಿಲ್ಸೆನ್ ಲೋಕಕ್ಕೆ ಗೊತ್ತಿರುವುದು ಅಲ್ಲಿ 1842ರಲ್ಲಿ ಹುಟ್ಟಿದ ಹೊಂಬಣ್ಣದ ಬಿಯರ್‌ನಿಂದ, ಸ್ಕೋಡಾ ಕಾರ್ಖಾನೆಯಿಂದ. ಲಾಲಾಗ್ರಂಥಿಯ ರೋಗ ಪತ್ತೆ ಮಾಡುವವರಿಗೆ ಮಾತ್ರ ಅದು ಪೆಥಾಲಜಿಸ್ಟ್ ಅಲೆನಾ ಸ್ಕಾಲೊವಾ ಅವರ ಊರು.

ಪೆಥಾಲಜಿ ವಿಭಾಗದ ಕೆಲಸ ಎಲ್ಲೆಡೆಯೂ ಒಂದೇ ಬಗೆ. ಫಾರ್ಮಲಿನ್‌ನ ಘಾಟು. ರೋಗಿಯ ಮೈಯಿಂದ ಬಂದ ಚೂರನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬ್ಲಾಕ್ ಮಾಡುತ್ತಾರೆ. ಯಂತ್ರದ ಅಲಗು ಅದರಿಂದ ಮಿಲಿಮೀಟರಿನ ಕೆಲವೇ ಸಾವಿರದೊಂದು ಭಾಗದಷ್ಟು ತೆಳ್ಳಗೆ ಹೆರೆಯುತ್ತದೆ. ಹೆರೆದ ಪದರ ಬೆಚ್ಚನೆ ನೀರಿನ ಮೇಲೆ ತೇಲುತ್ತದೆ. ಗಾಜಿನ ಮೇಲೆ ಎತ್ತಿ ಬಣ್ಣ ಹಾಕಿದರೆ ಜೀವಕೋಶದ ಕೇಂದ್ರ ನೇರಳೆ, ಉಳಿದದ್ದು ಗುಲಾಬಿ. ಆಮೇಲೆ ಎಲ್ಲವೂ ಕಣ್ಣಿನ ಕೆಲಸ.

ಅಸಿನಿಕ್ ಸೆಲ್ ಕಾರ್ಸಿನೋಮ ಎಂಬ ಬಗೆಯಲ್ಲಿ ಜೀವಕೋಶಗಳ ತುಂಬ ಕಪ್ಪು-ನೀಲಿ ಕಾಳುಗಳಿರಬೇಕು. ಆ ಹೆಸರು ಹೊತ್ತು ಬಂದ ಕೆಲವು ಸ್ಲೈಡುಗಳಲ್ಲಿ ಕಾಳುಗಳೇ ಇರಲಿಲ್ಲ. ಬದಲಿಗೆ ನೊರೆಯಂತೆ ಗುಳ್ಳೆಗಳು, ಗುಳ್ಳೆಗಳೊಳಗೆ ಗುಲಾಬಿ ಒಸರು. ಸ್ಕಾಲೊವಾ ಅವರಿಗೆ ಇದನ್ನೆಲ್ಲೋ ನೋಡಿದ್ದೇನಲ್ಲ ಅನ್ನಿಸುವಂತಿದ್ದ ನೋಟ ಅದು: ಸ್ತನದಲ್ಲಿ ಬಹಳ ವಿರಳವಾಗಿ ಬರುವ ಸ್ರಾವಕ ಕ್ಯಾನ್ಸರಿನ ಪಡಿಯಚ್ಚು. ಸ್ತನದ ಆ ಕ್ಯಾನ್ಸರಿನಲ್ಲಿ 12ನೆಯ ವರ್ಣತಂತುವಿನ ಇಟಿವಿ6 ಎಂಬ ಜೀನು ತುಂಡಾಗಿ, 15ನೆಯದರಲ್ಲಿರುವ ಎನ್‌ಟಿಆರ್‌ಕೆ3 ಜೀನಿಗೆ ಹೊಲಿದುಕೊಂಡಿರುತ್ತದೆಂದು 2002ರಲ್ಲೇ ತಿಳಿದಿತ್ತು. ಎಳೆಕೂಸುಗಳ ಒಂದು ಗೆಡ್ಡೆಯಲ್ಲೂ ಇದೇ ಬೆಸುಗೆಯನ್ನು 1998ರಲ್ಲಿ ಕಂಡಿದ್ದರು. ಸ್ಕಾಲೊವಾ ತಂಡ ಜೊಲ್ಲುಗ್ರಂಥಿಯ ಗೆಡ್ಡೆಗಳಲ್ಲಿಯೂ ಹುಡುಕಿತು, ಅದೇ ಬೆಸುಗೆ ಅಲ್ಲೂ ಇತ್ತು. 2010ರಲ್ಲಿ 16 ರೋಗಿಗಳ ಗೆಡ್ಡೆಗಳ ವಿವರದೊಂದಿಗೆ ಇದು ಬೇರೆಯೇ ರೋಗವೆಂದು ಅವರು ಪ್ರಕಟಿಸಿದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಸೆಕ್ರಿಟರಿ ಕಾರ್ಸಿನೋಮ ಎಂದು ಸೇರಿತು. ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಹಳೆಯ ಬ್ಲಾಕುಗಳನ್ನು ಕಪಾಟಿನಿಂದ ತೆಗೆದು ಮತ್ತೆ ನೋಡಿದರು. ಬೇರೆ ಹೆಸರಿನಲ್ಲಿ ಮಲಗಿದ್ದವು ಎದ್ದು ಬಂದವು.

ಆ ಹೊತ್ತಿಗೆ ಇದಕ್ಕೆ ಔಷಧವಿರಲಿಲ್ಲ. ಸ್ಲೈಡು ನೋಡುವವರ ಕಣ್ಣು ಔಷಧಕ್ಕಿಂತ ಎಂಟು ವರ್ಷ ಮುಂದಿತ್ತು.

ಅಂಟಿಕೊಂಡ ಸ್ಟಾರ್ಟರ್

ಎನ್‌ಟಿಆರ್‌ಕೆ ಜೀನುಗಳು ಮೂರು. ಅವು ತಯಾರಿಸುವುದು ಟಿಆರ್‌ಕೆ ಎಂಬ ಗ್ರಾಹಕಗಳನ್ನು. ಇಲಿಯ ಜೊಲ್ಲಿನಲ್ಲಿ ಕೋಹೆನ್ ಕಂಡ ಎನ್‌ಜಿಎಫ್ ಬಂದು ಕೂರುವುದು ಇವುಗಳಲ್ಲಿ ಮೊದಲನೆಯದರ ಮೇಲೆ. ವಿಜ್ಞಾನಿ ಮಾರಿಯಾನೊ ಬಾರ್ಬಸಿಡ್ ಅವರ ತಂಡ 1982ರಲ್ಲಿ ಕರುಳಿನ ಕ್ಯಾನ್ಸರೊಂದರಿಂದ ಆ ಮೊದಲನೆಯದರ ಜೀನನ್ನು ಹೊರತೆಗೆದಾಗ ಅದರ ನಿಜವಾದ ಉದ್ಯೋಗವೇನೆಂದು ತಿಳಿದಿರಲಿಲ್ಲ. ಅದು ನರ ಬೆಳೆಸುವ ಅಂಶದ ಗ್ರಾಹಕವೆಂದು ಗೊತ್ತಾದದ್ದು 1991ರಲ್ಲಿ.

ಆರೋಗ್ಯವಂತ ದೇಹದಲ್ಲಿ ಯಾವುದೇ ಟಿಆರ್‌ಕೆ ಗ್ರಾಹಕ ಹೊರಗಿನಿಂದ ಸಂದೇಶ ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಇಟಿವಿ6 ಬಂದು ಅಂಟಿಕೊಂಡರೆ ಎರಡೆರಡು ಗ್ರಾಹಕಗಳು ತಾವಾಗಿ ಜೊತೆಗೂಡಿ, ಯಾರೂ ಕರೆಯದಿದ್ದರೂ ಚಾಲೂ ಆಗಿಬಿಡುತ್ತವೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಗುಂಡಿ ಒಳಗೇ ಅಂಟಿ ಮೋಟಾರು ರಾತ್ರಿಯಿಡೀ ಓಡಿದಂತೆ, ಜೀವಕೋಶ ‘ಒಡೆ, ಬೆಳೆ’ ಎಂಬ ಆದೇಶವನ್ನು ನಿಲ್ಲದೆ ಪಾಲಿಸುತ್ತದೆ. ಲಾರೊಟ್ರೆಕ್ಟಿನಿಬ್ ಎಂಬ ಔಷಧದ ಅಣು ಟಿಆರ್‌ಕೆಗೆ ಶಕ್ತಿ ಒದಗುವ ಕುಳಿಯಲ್ಲಿ ಹೋಗಿ ಕೂತುಬಿಡುತ್ತದೆ. ಆದೇಶ ಅಲ್ಲಿಗೆ ನಿಂತಿತು.

ಈ ಔಷಧವನ್ನು ಪರೀಕ್ಷಿಸಿದ ಬಗೆಯೇ ಹೊಸದು. ಯಾವ ಅಂಗದ ಕ್ಯಾನ್ಸರ್ ಎಂದು ಕೇಳದೆ, ಟಿಆರ್‌ಕೆ ಬೆಸುಗೆ ಇದೆಯೇ ಎಂದಷ್ಟೇ ಕೇಳಿದರು. 2018ರ ಫೆಬ್ರವರಿಯಲ್ಲಿ ಫಲಿತಾಂಶ ಹೊರಬಂದಾಗ ಪಟ್ಟಿಯಲ್ಲಿದ್ದವರು 55 ಮಂದಿ: ನಾಲ್ಕು ತಿಂಗಳ ಕೂಸಿನಿಂದ 76 ವರ್ಷದವರವರೆಗೆ, 17 ಬಗೆಯ ಗೆಡ್ಡೆಗಳು. ನಾಲ್ವರಲ್ಲಿ ಮೂವರಿಗೆ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು. ಈ 55ರಲ್ಲಿ 12 ಮಂದಿಯದು ಲಾಲಾಗ್ರಂಥಿಯ ಕ್ಯಾನ್ಸರ್. ಕ್ಯಾನ್ಸರ್ ಲೋಕದ ಮೂಲೆಯಲ್ಲಿ ಕೂತಿದ್ದ ರೋಗ ಈ ಪಂಕ್ತಿಯಲ್ಲಿ ದೊಡ್ಡ ಗುಂಪುಗಳಲ್ಲೊಂದು! ಸಾಮಾನ್ಯ ಕ್ಯಾನ್ಸರುಗಳಲ್ಲಿ ನೂರರಲ್ಲಿ ಒಂದಕ್ಕೂ ಈ ಬೆಸುಗೆ ಸಿಗುವುದಿಲ್ಲ. ಸೆಕ್ರಿಟರಿ ಕಾರ್ಸಿನೋಮದಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಮರುವರ್ಷ ಅದೇ ಬಗೆಯ ಇನ್ನೊಂದು ಔಷಧ ಎಂಟ್ರೆಕ್ಟಿನಿಬ್ ಬಂತು.

ಲಾರೊಟ್ರೆಕ್ಟಿನಿಬ್ ದಿನಕ್ಕೆರಡು ಸಲ ನುಂಗುವ ಕ್ಯಾಪ್ಸೂಲ್. ಕೂದಲುದುರುವ ಕಿಮೊ ವಾರ್ಡಿನ ದೃಶ್ಯ ಇಲ್ಲಿಲ್ಲ. ಹಾಗೆಂದು ಮೈಗೆ ಗೊತ್ತೇ ಆಗುವುದಿಲ್ಲ ಎಂದಲ್ಲ. ಟಿಆರ್‌ಕೆ ನರಗಳ ಸ್ವತ್ತು ತಾನೇ? ಕೆಲವರಿಗೆ ಎದ್ದು ನಿಂತರೆ ತಲೆಸುತ್ತು, ಕೆಲವರಿಗೆ ಹಸಿವು ಹೆಚ್ಚಿ ತೂಕ ಏರುತ್ತದೆ, ಮಾತ್ರೆ ನಿಲ್ಲಿಸಿದರೆ ಕೆಲವರಿಗೆ ಮೈಕೈ ನೋವು ಎದ್ದುಬಿಡುತ್ತದೆ. ಕ್ಯಾನ್ಸರೂ ಸುಮ್ಮನಿರುವುದಿಲ್ಲ. ಔಷಧ ಕೂರುವ ಕುಳಿಯಲ್ಲೇ ಒಂದು ಅಮೈನೊ ಆಮ್ಲ ಬದಲಾಗಿ ಅಣುವಿಗೆ ಜಾಗವಿಲ್ಲದಂತಾಗುತ್ತದೆ. ಆ ಇಕ್ಕಟ್ಟಿನಲ್ಲೂ ನುಸುಳುವ ಚಿಕ್ಕ ಅಣು ರೆಪೊಟ್ರೆಕ್ಟಿನಿಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು.

ಟೋಕಿಯೊ, ಬೆಂಗಳೂರು

ಸೆಕ್ರಿಟರಿ ಕಾರ್ಸಿನೋಮ ಸಾಮಾನ್ಯವಾಗಿ ಸಾಧು. ಅದರ ಎದುರು ತುದಿಯಲ್ಲಿರುವುದು ಸಲೈವರಿ ಡಕ್ಟ್ ಕಾರ್ಸಿನೋಮ. ಹೆಚ್ಚಾಗಿ ವಯಸ್ಸಾದ ಗಂಡಸರಿಗೆ, ಪೆರೋಟಿಡ್‌ನಲ್ಲಿ ಬಂದು ತಿಂಗಳುಗಳಲ್ಲೇ ಕತ್ತಿನ ಗಂಟುಗಳಿಗೂ ಮುಖದ ನರಕ್ಕೂ ಹಬ್ಬುವಂಥದು. ಸೂಕ್ಷ್ಮದರ್ಶಕದಡಿ ಇದೂ ಸ್ತನಕ್ಯಾನ್ಸರಿನ ತದ್ರೂಪ. ಹಲವರಲ್ಲಿ ಜೀವಕೋಶದ ಮೈಮೇಲೆ ಹರ್2 ಎಂಬ ಗ್ರಾಹಕ ಕಿಕ್ಕಿರಿದಿರುತ್ತದೆ. ಇಲಿಮರಿಯ ಕಣ್ಣು ಬಿಡಿಸಿದ ಇಜಿಎಫ್‌ನ ಗ್ರಾಹಕ ಯಾವ ಮನೆತನದ್ದೋ ಹರ್2 ಅದೇ ಮನೆತನದ್ದು.

ಸ್ತನಕ್ಯಾನ್ಸರಿನಲ್ಲಿ ಹರ್2 ಹಿಡಿಯುವ ಟ್ರಾಸ್ಟುಜುಮ್ಯಾಬ್ 1998ರಿಂದಲೇ ಬಳಕೆಯಲ್ಲಿದೆ. ಅದನ್ನು ಕೆನ್ನೆಯ ಗೆಡ್ಡೆಗೆ ಕೊಟ್ಟರೆ? ಜಪಾನಿನ ವೈದ್ಯರು ಕೊಟ್ಟು ನೋಡಿದರು. ಹರ್2 ತುಂಬಿದ ಸಲೈವರಿ ಡಕ್ಟ್ ಕಾರ್ಸಿನೋಮದ 57 ರೋಗಿಗಳಿಗೆ ಟ್ರಾಸ್ಟುಜುಮ್ಯಾಬ್ ಜೊತೆ ಡೊಸಿಟ್ಯಾಕ್ಸೆಲ್ ಎಂಬ ಕಿಮೊ ಔಷಧ ಕೊಟ್ಟಾಗ ನೂರಕ್ಕೆ ಎಪ್ಪತ್ತು ಮಂದಿಯಲ್ಲಿ ಗೆಡ್ಡೆ ಕುಗ್ಗಿತೆಂದು 2019ರಲ್ಲಿ ವರದಿ ಮಾಡಿದರು. ಅಷ್ಟು ವಿರಳ ರೋಗದ 57 ಮಂದಿಯನ್ನು ಕೂಡಿಸಿದ್ದೇ ಒಂದು ಸಾಹಸ. ಗಂಡುಹಾರ್ಮೋನಿನ ಗ್ರಾಹಕವೂ ಈ ಕ್ಯಾನ್ಸರಿನಲ್ಲಿ ಬಹುಪಾಲು ರೋಗಿಗಳಲ್ಲಿ ಇರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಬೈಕಾಲುಟಮೈಡ್ ಮಾತ್ರೆ, ಲ್ಯೂಪ್ರೊರೆಲಿನ್ ಚುಚ್ಚುಮದ್ದುಗಳನ್ನು 36 ಮಂದಿಗೆ ಕೊಟ್ಟು ನೋಡಿದವರೂ ಜಪಾನೀಯರೇ. ನೂರಕ್ಕೆ ಸುಮಾರು 42ರ ಪ್ರಮಾಣದಲ್ಲಿ ಗೆಡ್ಡೆ ಜಗ್ಗಿತು.

ಈ ಕಥೆಗೆ ನಮ್ಮೂರಿನ ನಂಟು ಅಂಟುವುದು ಇಲ್ಲಿ. ಟ್ರಾಸ್ಟುಜುಮ್ಯಾಬ್ ಜೀವಂತ ಕೋಶಗಳಲ್ಲಿ ಬೆಳೆಸಿ ತೆಗೆಯುವ ದುಬಾರಿ ಔಷಧ. ಅದರ ಸಮಾನರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿತು. ಬೈಕಾಲುಟಮೈಡ್ ಅಂತೂ ನಮ್ಮಲ್ಲಿ ಜೆನೆರಿಕ್ ಮಾತ್ರೆ. ಕೆನ್ನೆಯಲ್ಲಿ ಗೆಡ್ಡೆಯಿರುವ ಅರುವತ್ತೈದರ ಅಜ್ಜನ ಚೀಟಿಯಲ್ಲಿ ಸ್ತನಕ್ಯಾನ್ಸರಿನ ಇಂಜೆಕ್ಷನ್ ಇಲ್ಲವೇ ಪ್ರಾಸ್ಟೇಟಿನ ಮಾತ್ರೆ ಬರೆದಿದ್ದರೆ ಮೊಮ್ಮಗ ಗೂಗಲ್ ನೋಡಿ ಗಾಬರಿಯಾಗಬೇಕಿಲ್ಲ. ಚೀಟಿ ಸರಿಯಾಗಿಯೇ ಇರಬಹುದು.

ಲಾರೊಟ್ರೆಕ್ಟಿನಿಬ್ ಲೆಕ್ಕ ಬೇರೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ವಯಸ್ಕರ ಒಂದು ತಿಂಗಳ ಕ್ಯಾಪ್ಸೂಲಿಗೆ ಕಂಪನಿ ಇಟ್ಟ ಪಟ್ಟಿಬೆಲೆ 32,800 ಡಾಲರ್. ಹೊಲ ಮಾರಿದರೂ ಎಷ್ಟು ತಿಂಗಳು ನಡೆದೀತು?

ಬಾಗಿಲು ತೆರೆಯದ ಬಗೆ

ಎಲ್ಲ ಬಗೆಗೂ ಔಷಧ ಸಿಕ್ಕಿದೆಯೆಂದು ಬರೆದರೆ ಸುಳ್ಳಾಗುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬುದೊಂದಿದೆ. ಅಂಗುಳಿನಲ್ಲೋ ದವಡೆಯಡಿಯೋ ಹುಟ್ಟಿ, ನರದ ಗುಂಟ ಸದ್ದಿಲ್ಲದೆ ತೆವಳುತ್ತದೆ. ಆಪರೇಷನ್ ಆಗಿ, ಕರೆಂಟು ಕೊಟ್ಟು, ಐದು ವರ್ಷ ಕಳೆದು, ಮನೆಯವರೆಲ್ಲ ಗೆದ್ದೆವು ಎಂದುಕೊಂಡ ಎಷ್ಟೋ ವರ್ಷಕ್ಕೆ ಎದೆಯ ಸ್ಕ್ಯಾನಿನಲ್ಲಿ ಚುಕ್ಕೆಗಳು ಕಾಣಬಹುದು. ಇದರಲ್ಲಿಯೂ ಎರಡು ಜೀನುಗಳ ಬೆಸುಗೆಯಿದೆ: ಎಂವೈಬಿ ಮತ್ತು ಎನ್‌ಎಫ್‌ಐಬಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಯೋರಾನ್ ಸ್ಟೆನ್ಮನ್ ತಂಡ 2009ರಲ್ಲಿ ಅದನ್ನು ತೋರಿಸಿತು, ಪಿಲ್ಸೆನ್ನಿನ ವರದಿಗಿಂತ ಒಂದು ವರ್ಷ ಮೊದಲೇ. ಆದರೆ ಎಂವೈಬಿ ಗ್ರಾಹಕವಲ್ಲ, ಕೋಶಕೇಂದ್ರದೊಳಗೆ ಕೂತು ಬೇರೆ ಜೀನುಗಳನ್ನು ನಡೆಸುವ ಪ್ರೋಟೀನು. ಔಷಧದ ಅಣು ಹೋಗಿ ಕೂರಲು ಅದರಲ್ಲಿ ತಕ್ಕ ಕುಳಿಯಿಲ್ಲ. ರಕ್ತನಾಳಗಳನ್ನು ತಡೆಯುವ ಲೆನ್ವಾಟಿನಿಬ್ ಕೊಟ್ಟರೆ ಆರೇಳು ಮಂದಿಯಲ್ಲಿ ಒಬ್ಬರಿಗೆ ಗೆಡ್ಡೆ ಕುಗ್ಗುತ್ತದೆ, ಇನ್ನು ಹಲವರಲ್ಲಿ ಸ್ವಲ್ಪ ಕಾಲ ಇದ್ದಲ್ಲೇ ಇರುತ್ತದೆ. ರೋಗದ ಮೂಲ ತಿಳಿದರೆ ಮದ್ದು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಿದ್ದರೆ ತುಮಕೂರಿನವರೋ ಕಲಬುರಗಿಯವರೋ ಈ ವಿಜ್ಞಾನದಿಂದ ಕೈಗೆ ದಕ್ಕಿಸಿಕೊಳ್ಳಬಹುದಾದದ್ದು ಏನು? ಬಹಳ ಸಲ ರಿಪೋರ್ಟಿನಲ್ಲಿ ‘ಲಾಲಾಗ್ರಂಥಿಯ ಕ್ಯಾನ್ಸರ್’ ಎಂಬಷ್ಟಕ್ಕೇ ಮಾತು ಮುಗಿದಿರುತ್ತದೆ. ಅದು ಯಾವ ಬಗೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಹರ್2, ಗಂಡುಹಾರ್ಮೋನಿನ ಗ್ರಾಹಕ, ಟಿಆರ್‌ಕೆ ಮೂರಕ್ಕೂ ಬಣ್ಣದ ಪರೀಕ್ಷೆಗಳಿವೆ. ಸ್ತನಕ್ಯಾನ್ಸರ್ ನೋಡುವ ಲ್ಯಾಬುಗಳಲ್ಲಿ ಹರ್2 ಪರೀಕ್ಷೆ ದಿನನಿತ್ಯದ್ದು. ಹತ್ತಾರು ಸಾವಿರ ರೂಪಾಯಿಯ ಜೀನು ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಸಣ್ಣ ಗೆಡ್ಡೆಯನ್ನು ಪೂರ್ತಿ ತೆಗೆದಾಗಿದ್ದರೆ ಈ ಔಷಧಗಳ ಗೊಡವೆಯೂ ಇಲ್ಲ. ರೋಗ ಮರುಕಳಿಸಿದಾಗ, ಹಬ್ಬಿದಾಗ ಇವುಗಳ ಕೆಲಸ.

ಆಗ ಮೊದಲು ಬೇಕಾಗುವುದು ಆಪರೇಷನ್ ಆದ ಆಸ್ಪತ್ರೆಯಲ್ಲಿ ಉಳಿದಿರುವ ಮೇಣದ ಬ್ಲಾಕ್. ವರ್ಷಗಳಾದರೂ ಅದರಿಂದ ಹೊಸ ಸ್ಲೈಡು ಹೆರೆಯಬಹುದು, ಹೊಸ ಪರೀಕ್ಷೆ ಮಾಡಬಹುದು. ಎಕ್ಸ್‌ರೇ, ಸ್ಕ್ಯಾನು, ಡಿಸ್‌ಚಾರ್ಜ್ ಸಮ್ಮರಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುವ ನಾವು ಬ್ಲಾಕನ್ನು ಕೇಳುವುದಿಲ್ಲ. ದೊಡ್ಡ ಆಸ್ಪತ್ರೆಗೆ ಹೊರಡುವಾಗ ಆ ಬ್ಲಾಕನ್ನೂ ಅದರ ನಂಬರನ್ನೂ ಕೇಳಿ ತೆಗೆದುಕೊಂಡು ಹೋಗಬೇಕು. ‘ಇದನ್ನು ಲಾಲಾಗ್ರಂಥಿ ನೋಡಿ ಪಳಗಿದ ಪೆಥಾಲಜಿಸ್ಟ್ ಇನ್ನೊಮ್ಮೆ ನೋಡಬಹುದೇ, ಡಾಕ್ಟ್ರೇ?’ ಎಂದು ಕೇಳಬೇಕು. ಆ ಪ್ರಶ್ನೆಗೆ ದುಡ್ಡಿಲ್ಲ. ಉತ್ತರ ಕೆಲವೊಮ್ಮೆ ಜೆನೆರಿಕ್ ಮಾತ್ರೆಯ ಬೆಲೆಯಲ್ಲೇ ಸಿಕ್ಕಬಹುದು.